ಸೈನಿಕರ ಮನೆಯವರ ಮತ ಕೈತಪ್ಪದಿರಲಿ

ಮಾನ್ಯರೇ,

ಅರಕಲಗೂಡು, ಆಲೂರು, ಸಕಲೇಶಪುರ ಕಡೆಯ ಹಳ್ಳಿಗಳಲ್ಲಿ ಮಗನೋ ಅಳಿಯನೋ ಸೇನೆಯಲ್ಲಿ, ಬಿಎಸ್‌ಎಫ್‌ನಲ್ಲಿ, ಸಿಆರ್‌ಪಿಎಫ್‌ನಲ್ಲಿ ಇರುವ ಮನೆಗಳು ಬೇಕಾದಷ್ಟಿವೆ. ಚುನಾವಣೆ ಬಂದಾಗ ಯೋಧರ ಮತದ ಬಗ್ಗೆ ಒಂದಿಷ್ಟಾದರೂ ಮಾತು ಕೇಳಿಬರುತ್ತದೆ. ಅವರ ಪತ್ನಿಯರ ಮತ ಮಾತ್ರ ಯಾರ ಗಮನಕ್ಕೂ ಬಾರದೆ ಕೈತಪ್ಪುತ್ತಿದೆ.

ಯೋಧರು ನಮೂನೆ 2 ತುಂಬಿ ಯೂನಿಟ್ ಅಥವಾ ಸೇವಾ ದಾಖಲೆ ನೋಡಿಕೊಳ್ಳುವ ರೆಕಾರ್ಡ್ ಆಫೀಸ್ ಮೂಲಕ ಕಳಿಸಿದರೆ ತಮ್ಮೂರಿನ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯ ಕೊನೆಯ ಭಾಗದಲ್ಲಿ ಸೇವಾ ಮತದಾರರಾಗಿ (ಅಂದರೆ ಊರಿಗೆ ಬಾರದೆ ಅಂಚೆಯಲ್ಲಿ ಮತ ಹಾಕುವವರಾಗಿ) ಸೇರುತ್ತಾರೆ. ಅವರ ಜೊತೆಯಲ್ಲೇ ವಾಸವಿರುವ ಪತ್ನಿಯ ಹೆಸರನ್ನೂ ಅಲ್ಲೇ ಸೇರಿಸಬಹುದು. 2021ರ ತಿದ್ದುಪಡಿಯಿಂದ ಮಹಿಳಾ ಯೋಧರ ಪತಿಗೂ ಈ ಅವಕಾಶ ಸಿಕ್ಕಿದೆ. ತೊಡಕು ಶುರುವಾಗುವುದು ಆಮೇಲೆ. ಕ್ವಾರ್ಟರ್ಸ್ ಸಿಕ್ಕಾಗ ಪತ್ನಿಯ ಹೆಸರು ಈ ಪಟ್ಟಿಗೆ ಹೋಗುತ್ತದೆ. ಮುಂದೆ ಗಂಡನಿಗೆ ಸಂಸಾರ ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗ್ ಆದರೆ ಆಕೆ ಮಕ್ಕಳೊಂದಿಗೆ ಊರಿಗೆ ಮರಳುತ್ತಾರೆ, ಹೆಸರು ಅಲ್ಲೇ ಉಳಿಯುತ್ತದೆ. ಮತದಾನದ ದಿನ ಊರಿನ ಮತಗಟ್ಟೆಯ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ, ಅಂಚೆ ಮತಪತ್ರ ನೋಡಿದರೆ ಗಂಡನ ಯೂನಿಟ್‌ಗೆ ಹೋಗಿರುತ್ತದೆ. ಊರಿಗೆ ಬಂದ ಕೂಡಲೇ ಸೇವಾ ಮತದಾರರ ಪಟ್ಟಿಯಿಂದ ಹೆಸರು ತೆಗೆಸಿ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಳಿ ನಮೂನೆ 6, ಅಂದರೆ ಹೆಸರು ಸೇರಿಸುವ ಅರ್ಜಿ ಕೊಡಬೇಕು. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. 18 ತುಂಬಿದ ಮಕ್ಕಳಿಗೆ ಸೇವಾ ಮತದಾರರ ಸೌಲಭ್ಯವೇ ಇಲ್ಲ. ಅವರು ಕ್ವಾರ್ಟರ್ಸ್‌ನಲ್ಲಿದ್ದರೂ ವಾಸವಿರುವ ಕಡೆಯಲ್ಲೇ ನಮೂನೆ 6 ಸಲ್ಲಿಸಬೇಕು.

ಮನೆಮನೆಗೆ ಬರುವ ಬಿಎಲ್‌ಒಗಳು ಸೈನಿಕರ ಮನೆಯಲ್ಲಿ ‘ಸೊಸೆ ಈಗ ಗಂಡನ ಜೊತೆ ಇದ್ದಾರಾ, ಇಲ್ಲೇ ಇದ್ದಾರಾ?’ ಎಂದು ತಪ್ಪದೆ ಕೇಳಬೇಕು. ಇದಕ್ಕೆ ಹೊಸ ಕಾನೂನೇನೂ ಬೇಡ, ಜಿಲ್ಲಾಧಿಕಾರಿಯವರ ಒಂದು ಸೂಚನೆ ಸಾಕು.

ಇನ್ನು ಮತಪತ್ರದ ವಿಚಾರ. 2016ರಿಂದ ಅದು ಇಟಿಪಿಬಿಎಸ್ ಎಂಬ ವಿದ್ಯುನ್ಮಾನ ಅಂಚೆ ಮತಪತ್ರ ವ್ಯವಸ್ಥೆಯ ಮೂಲಕ ಆನ್‌ಲೈನ್‌ನಲ್ಲೇ ಹೋಗುತ್ತದೆ. ವಾಪಸ್ ಬರಬೇಕಾದದ್ದು ಮಾತ್ರ ಅಂಚೆಯಲ್ಲೇ. 2023ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರ ವಾಪಸಿಗೆ ಏಪ್ರಿಲ್ 24 ಕೊನೆ ದಿನ, ಎಣಿಕೆ ಮೇ 13. ಅಭ್ಯರ್ಥಿಗಳ ಅಂತಿಮ ಪಟ್ಟಿ ಆಗದೆ ಮತಪತ್ರ ಕಳಿಸುವಂತಿಲ್ಲವಾದ್ದರಿಂದ ಕೈಯಲ್ಲಿದ್ದದ್ದು ಮೂರು ವಾರಕ್ಕಿಂತ ಕಡಿಮೆ. ಎಣಿಕೆಯ ದಿನ ಬೆಳಿಗ್ಗೆ 8ರ ನಂತರ ಬಂದ ಲಕೋಟೆ ಲೆಕ್ಕಕ್ಕಿಲ್ಲ. ಹಾಗಾಗಿ ಪಟ್ಟಿ ಅಂತಿಮವಾದ ಸಂಜೆಯೇ ಚುನಾವಣಾಧಿಕಾರಿಗಳು ಮತಪತ್ರ ಕಳಿಸಬೇಕು.

ಸಮಯಕ್ಕೆ ಬಂದ ಮತವೂ ಲಕೋಟೆಯ ತಪ್ಪಿನಿಂದ ತಿರಸ್ಕೃತವಾಗಬಹುದು. ಗುರುತು ಹಾಕಿದ ಮತಪತ್ರ ಒಂದೇ ಒಳ ಲಕೋಟೆಗೆ ಹೋಗಬೇಕು. ನಮೂನೆ 13ಎ ಘೋಷಣಾ ಪತ್ರಕ್ಕೆ ಸಹಿ ಮಾಡಿ, ಅಧಿಕಾರಿಯಿಂದ ದೃಢೀಕರಿಸಿ, ಅದನ್ನು ಒಳ ಲಕೋಟೆಯ ಜೊತೆಗೆ ಹೊರ ಲಕೋಟೆಯಲ್ಲಿ ಇಡಬೇಕು. ಎಣಿಕೆ ಮೇಜಿನಲ್ಲಿ ಮೊದಲು ನೋಡುವುದೇ 13ಎ. ಅದು ಸಿಗದಿದ್ದರೆ ಒಳ ಲಕೋಟೆಯನ್ನು ತೆರೆಯುವುದೇ ಇಲ್ಲ. ಗಂಡ–ಹೆಂಡತಿ ಇಬ್ಬರ ಮತಪತ್ರವನ್ನೂ ಒಟ್ಟಿಗೆ ಪ್ರಿಂಟ್ ತೆಗೆದಾಗ ಇನ್ನಷ್ಟು ಎಚ್ಚರ ಬೇಕು. ಒಬ್ಬರ 13ಎ ಇನ್ನೊಬ್ಬರ ಲಕೋಟೆಗೆ ಸೇರಿದರೆ ಕ್ರಮಸಂಖ್ಯೆ ತಾಳೆಯಾಗದೆ ಎರಡು ಮತವೂ ಹೋಗುತ್ತವೆ. ಅಂಚೆ ಚೀಟಿ ಹಚ್ಚುವ ಅಗತ್ಯವಿಲ್ಲ.

ಅಂಚೆಯನ್ನು ನಂಬಲಾಗದ ದುರ್ಗಮ ಜಾಗದಲ್ಲಿರುವ ಯೋಧರಿಗೆ 2003ರಿಂದಲೇ ಪ್ರಾಕ್ಸಿ (ಬದಲಿ ವ್ಯಕ್ತಿಯ ಮೂಲಕ) ಮತದಾನದ ಅವಕಾಶವಿದೆ. ಅದೇ ಕ್ಷೇತ್ರದಲ್ಲಿ ವಾಸವಿರುವ, 18 ತುಂಬಿದ, ನಂಬಿಕಸ್ತರೊಬ್ಬರನ್ನು ನಮೂನೆ 13ಎಫ್‌ನಲ್ಲಿ ನೇಮಿಸಿದರೆ ಅವರು ಮತಗಟ್ಟೆಗೆ ಹೋಗಿ ಯೋಧರ ಪರವಾಗಿ ಮತ ಹಾಕುತ್ತಾರೆ. ಶಾಯಿ ಎಡಗೈಯ ಮಧ್ಯದ ಬೆರಳಿಗೆ. ಅವರ ಸ್ವಂತ ಮತಕ್ಕೆ ಇದರಿಂದ ಅಡ್ಡಿಯಿಲ್ಲ. ಒಮ್ಮೆ ನೇಮಿಸಿದರೆ ರದ್ದು ಮಾಡುವವರೆಗೂ ನಡೆಯುತ್ತದೆ. ಆದರೆ ಅರ್ಜಿ ನಾಮಪತ್ರ ಸಲ್ಲಿಕೆಯ ಕೊನೆ ದಿನಕ್ಕೆ ಮುಂಚೆ ಚುನಾವಣಾಧಿಕಾರಿಗೆ ತಲುಪಿರಬೇಕು. ತಡವಾದರೆ ಮುಂದಿನ ಚುನಾವಣೆಗಷ್ಟೇ ಉಪಯೋಗ. ಕಡೂರು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಹಾಸನ ಕ್ಷೇತ್ರಕ್ಕೆ ಸೇರುವುದರಿಂದ ಅಲ್ಲಿನವರು ಲೋಕಸಭಾ ಚುನಾವಣೆಯಲ್ಲಿ ಅರ್ಜಿಯನ್ನು ಹಾಸನಕ್ಕೇ ಕಳಿಸಬೇಕು.

ರಜೆಗೆ ಬಂದಾಗ ಊರಲ್ಲೇ ನೋಟರಿ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಎದುರು 13ಎಫ್‌ಗೆ ಸಹಿ ಮಾಡಲು ನಿಯಮದಲ್ಲಿ ಅವಕಾಶವಿದೆ. ತಾಲ್ಲೂಕು ಕಚೇರಿಗಳಲ್ಲೂ ಸೈನಿಕ ಕಲ್ಯಾಣ ಕಚೇರಿಯಲ್ಲೂ ಈ ನಮೂನೆಗಳನ್ನು ವರ್ಷವಿಡೀ ಇಟ್ಟು, ತುಂಬಿಸಿಕೊಡಲು ಒಬ್ಬ ಸಿಬ್ಬಂದಿಯನ್ನು ನೇಮಿಸಬೇಕೆಂದು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳನ್ನು ಒತ್ತಾಯಿಸುತ್ತೇವೆ.

– ಮಾಜಿ ಸೈನಿಕರು, ಅರಕಲಗೂಡು, ಹಾಸನ ಜಿಲ್ಲೆ