ಆ ಗೇಮಿಂಗ್ ಮ್ಯಾಗಜೀನ್‌ಗಳನ್ನು ರದ್ದಿಗೆ ಹಾಕಬೇಡ

ಪ್ರೀತಿಯ ರಘು,

ಹೇಗಿದ್ದೀಯ? ಮೊನ್ನೆ ಫೋನಿನಲ್ಲಿ ನೀನು ಹೇಳಿದೆಯಲ್ಲ, "ಗೇಮಿಂಗ್ ಮ್ಯಾಗಜೀನ್‌ಗಳ ಕಾಲ ಮುಗೀತು ಬಿಡೋ, ಇಂಟರ್ನೆಟ್‌ನಲ್ಲಿ ಎಲ್ಲಾ ಸಿಗುತ್ತೆ" ಅಂತ. ಆ ಮಾತು ತಲೆಯಲ್ಲೇ ಕೂತಿದೆ. ಎರಡು ನಿಮಿಷದ ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೇ ಪತ್ರ.

ಮೊದಲು ಗೇಮ್ ಇನ್ಫಾರ್ಮರ್ ಕತೆ ಕೇಳು. 1991ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಫಂಕೋಲ್ಯಾಂಡ್ ಎಂಬ ಗೇಮ್ ಅಂಗಡಿಯವರು ತಮ್ಮ ಗಿರಾಕಿಗಳಿಗಾಗಿ ತಂದ ಮ್ಯಾಗಜೀನ್. ಆಮೇಲೆ ಆ ಅಂಗಡಿಗಳ ಜೊತೆ ಇದೂ ಗೇಮ್‌ಸ್ಟಾಪ್ ಎಂಬ ಇನ್ನೊಂದು ಗೇಮ್ ಅಂಗಡಿ ಕಂಪನಿಯ ಕೈಗೆ ಹೋಯಿತು. ಅಂಗಡಿಯ ಮೆಂಬರ್‌ಶಿಪ್ ಕಾರ್ಡ್ ಮಾಡಿಸಿದವರಿಗೆ ಮ್ಯಾಗಜೀನ್ ಮನೆಗೇ ಬರುತ್ತಿತ್ತು. ಹಾಗಾಗಿ ಒಂದು ಕಾಲಕ್ಕೆ ಅದರ ಪ್ರಸಾರ 70 ಲಕ್ಷ ದಾಟಿತ್ತು. ಇಷ್ಟು ದೊಡ್ಡ ಮ್ಯಾಗಜೀನನ್ನು 2024ರ ಆಗಸ್ಟ್ 2ರಂದು ಒಂದೇ ದಿನದಲ್ಲಿ ನಿಲ್ಲಿಸಿದರು. ಕೆಲಸದವರನ್ನು ಮೀಟಿಂಗಿಗೆ ಕರೆದು ಇವತ್ತಿಗೆ ಮುಗಿಯಿತು ಎಂದರು. ಓದುಗರಿಗೆ ಕೊನೆಯದಾಗಿ ಸಿಕ್ಕಿದ್ದು 367ನೇ ಸಂಚಿಕೆ. ಅದೇ ದಿನ ವೆಬ್‌ಸೈಟೂ ಹೋಯಿತು. ಯಾವ ಲೇಖನ ತೆರೆಯಲು ಹೋದರೂ ಒಂದೇ ವಿದಾಯದ ಪುಟ.

ಇಲ್ಲೊಂದು ವಿಷಯ ಗಮನಿಸು. ಅವತ್ತು ಕಾಗದದ ಸಂಚಿಕೆಗಳಿಗೆ ಏನೂ ಆಗಲಿಲ್ಲ. ಜನರ ಮನೆಯ ಕಪಾಟಿನಲ್ಲಿ ಹಾಗೇ ಇದ್ದವು. ಕಣ್ಣೆದುರೇ ಅಳಿಸಿಹೋದದ್ದು ಇಂಟರ್ನೆಟ್‌ನಲ್ಲಿ ಇದ್ದದ್ದು, ಅಂದರೆ "ಎಲ್ಲಾ ಸಿಗುತ್ತೆ" ಅಂತ ನೀನು ಹೇಳಿದ್ದು.

2025ರ ಮಾರ್ಚ್‌ನಲ್ಲಿ ಗನ್‌ಜಿಲ್ಲಾ ಗೇಮ್ಸ್ ಎಂಬ ಗೇಮ್ ತಯಾರಿಸುವ ಕಂಪನಿ ಅದನ್ನು ಕೊಂಡು, ಹಳೆಯ ತಂಡವನ್ನೇ ವಾಪಸ್ ಕರೆಸಿತು. ಹಳೆಯ ಲೇಖನಗಳೂ ಬಂದವು, ಅಚ್ಚೂ ಮತ್ತೆ ಶುರುವಾಯಿತು. ನನಗೆ ಅವತ್ತು ಆದ ಖುಷಿ ಅಷ್ಟಿಷ್ಟಲ್ಲ. ಆದರೆ ಆ ಭಾಗ್ಯ ಎಲ್ಲಕ್ಕೂ ಇರಲಿಲ್ಲ. ಗೇಮ್‌ಪ್ರೋ 2011ರಲ್ಲಿ ನಿಂತಿತು. 1988ರಿಂದ ಬರುತ್ತಿದ್ದ ನಿಂಟೆಂಡೊ ಪವರ್ 2012ರ ಡಿಸೆಂಬರ್‌ನಲ್ಲಿ ಮುಗಿಯಿತು. ಅದರ ಮೊದಲ ಸಂಚಿಕೆಯ ಮುಖಪುಟದಲ್ಲಿ ಮಣ್ಣಿನಲ್ಲಿ ಮಾಡಿದ ಮಾರಿಯೋ ಇದ್ದ. ಕೊನೆಯ ಸಂಚಿಕೆಗೂ ಅದೇ ಮುಖಪುಟವನ್ನು ನೆನೆದು ಮಣ್ಣಿನ ಮಾರಿಯೋನನ್ನು ಮಾಡಿದ್ದರು. ಬ್ರಿಟನ್ನಿನಲ್ಲಿ ಪ್ಲೇಸ್ಟೇಷನ್‌ಗಾಗಿಯೇ ಬರುತ್ತಿದ್ದ ಪ್ಲೇ ಕೂಡ 2024ರಲ್ಲೇ ಹೋಯಿತು.

ಕಾರಣಗಳು ನಿನಗೂ ಗೊತ್ತು. ಈ ಮ್ಯಾಗಜೀನ್‌ಗಳ ಹೊಟ್ಟೆ ತುಂಬಿಸುತ್ತಿದ್ದದ್ದು ಬಹುಪಾಲು ಗೇಮ್ ಕಂಪನಿಗಳ ಜಾಹೀರಾತು. ತಿಂಗಳ ಮ್ಯಾಗಜೀನ್ ತಯಾರಾಗಲು ಎರಡು ಮೂರು ತಿಂಗಳು ಮೊದಲೇ ಕೆಲಸ ಶುರುವಾಗಬೇಕು. 1996ರಲ್ಲಿ ಐಜಿಎನ್, ಗೇಮ್‌ಸ್ಪಾಟ್ ಎಂಬ ಗೇಮ್ ಸುದ್ದಿಯ ವೆಬ್‌ಸೈಟುಗಳು ಶುರುವಾದ ಮೇಲೆ ಸುದ್ದಿ ಅದೇ ದಿನ ಸಿಗತೊಡಗಿತು. ಆಮೇಲೆ ಯೂಟ್ಯೂಬ್. ಆಮೇಲೆ ಕಂಪನಿಗಳೇ ನೇರವಾಗಿ ಜನರ ಜೊತೆ ಮಾತಾಡಲು ಕಲಿತವು. ನಿಂಟೆಂಡೊ 2011ರಿಂದ ತನ್ನ ಸುದ್ದಿಯನ್ನು ತಾನೇ ವಿಡಿಯೋ ಮಾಡಿ ಹೇಳುತ್ತಿದೆ. ಮಧ್ಯದಲ್ಲಿ ಮ್ಯಾಗಜೀನ್ ಯಾಕೆ ಬೇಕು? ಜಾಹೀರಾತಿನ ದುಡ್ಡು ಆ ಕಡೆ ಹರಿಯಿತು.

ಇದನ್ನೆಲ್ಲ ನಾನು ಒಪ್ಪುತ್ತೇನೆ. ಸುದ್ದಿಗಾಗಿ ಕಾಗದಕ್ಕೆ ಕಾಯುವ ಕಾಲ ಅಲ್ಲ ಇದು. ಹಾಗಂತ ಎಲ್ಲವೂ ನಿಂತಿಲ್ಲ. ಜಪಾನಿನಲ್ಲಿ 1986ರಲ್ಲಿ ಶುರುವಾದ ಫ್ಯಾಮಿತ್ಸು ಈಗಲೂ ವಾರ ವಾರ ಬರುತ್ತದೆ. ನಾಲ್ಕು ಜನ ವಿಮರ್ಶಕರು ತಲಾ 10 ಅಂಕ ಕೊಡುವ ಅದರ ಪದ್ಧತಿ ನೆನಪಿದೆಯಾ? 40ಕ್ಕೆ 40 ಮೊದಲು ಸಿಕ್ಕಿದ್ದು 1998ರಲ್ಲಿ, ಜೆಲ್ಡಾದ ಒಕರಿನಾ ಆಫ್ ಟೈಮ್‌ಗೆ. ಬ್ರಿಟನ್ನಿನಲ್ಲಿ ಹಳೆಯ ಗೇಮ್‌ಗಳ ಬಗ್ಗೆಯೇ ಬರೆಯುವ ರೆಟ್ರೋ ಗೇಮರ್ ಇನ್ನೂ ಬರುತ್ತಿದೆ. ಆದರೆ ಇಂಥವು ಕಡಿಮೆ.

ನನ್ನ ಚಿಂತೆ ಇರುವುದು ಹಳೆಯ ಸಂಚಿಕೆಗಳ ಬಗ್ಗೆ. ಅವುಗಳಲ್ಲಿ ಎಷ್ಟು ದುಡಿಮೆ ಇದೆ ಗೊತ್ತಾ? ಗೇಮ್‌ನ ಒಂದು ಚಿತ್ರ ಅಚ್ಚು ಹಾಕುವುದನ್ನೇ ತೆಗೆದುಕೋ. ಈಗ ಒಂದು ಬಟನ್ ಒತ್ತಿದರೆ ಸ್ಕ್ರೀನ್‌ಶಾಟ್. 80ರ ದಶಕದಲ್ಲಿ ಟಿವಿಯ ಫೋಟೋವನ್ನೇ ತೆಗೆಯಬೇಕಿತ್ತು. ಕೋಣೆ ಕತ್ತಲು ಮಾಡಿ, ಟಿವಿ ಮುಂದೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಗಾಜಿನಲ್ಲಿ ಪ್ರತಿಬಿಂಬ ಬೀಳದ ಹಾಗೆ ಕಪ್ಪು ಬಟ್ಟೆ ಮುಚ್ಚಿ ಕೂರುತ್ತಿದ್ದರು. ಹಳೆಯ ಟಿವಿ ಚಿತ್ರವನ್ನು ಗೆರೆ ಗೆರೆಯಾಗಿ ಮೂಡಿಸುತ್ತದೆ. ಶಟರ್ ಬೇಗ ಮುಚ್ಚಿದರೆ ಫೋಟೋದಲ್ಲಿ ಅಡ್ಡಕ್ಕೆ ಕಪ್ಪು ಪಟ್ಟೆ. ಜಾಸ್ತಿ ಹೊತ್ತು ತೆರೆದಿಟ್ಟರೆ ಓಡುವ ಪಾತ್ರ ಮಸುಕು. ಒಬ್ಬ ಆಡಬೇಕು, ಇನ್ನೊಬ್ಬ ಸರಿಯಾದ ಕ್ಷಣಕ್ಕೆ ಕ್ಲಿಕ್ ಮಾಡಬೇಕು. ಫಿಲ್ಮ್ ತೊಳೆದು ಬರುವ ತನಕ ಚಿತ್ರ ಬಂತೋ ಇಲ್ಲವೋ ಗೊತ್ತಿಲ್ಲ. ನಿಂಟೆಂಡೊ ಪವರ್‌ನಲ್ಲಿ ಒಂದು ಲೆವೆಲ್ಲಿನ ಪೂರ್ತಿ ನಕ್ಷೆ ಉದ್ದಕ್ಕೆ ಹರಡಿಕೊಂಡಿರುತ್ತಿತ್ತಲ್ಲ, ಅಂಥ ನಕ್ಷೆಗೆ ಪರದೆ ಪರದೆಯನ್ನೂ ಬೇರೆ ಬೇರೆ ಹಿಡಿದು ಒಂದಕ್ಕೊಂದು ಜೋಡಿಸಬೇಕು. ಮಕ್ಕಳ ಆಟಕ್ಕೆ ಅಂತ ಯಾರೂ ಅಸಡ್ಡೆ ಮಾಡಲಿಲ್ಲ. ಆ ಪುಟಗಳನ್ನು ಈಗ ನೋಡಿದರೂ ನನಗೆ ಗೌರವ ಹುಟ್ಟುತ್ತದೆ.

ಇನ್ನೂ ಒಂದು ಇದೆ. ಸಂಚಿಕೆಗೆ ಇಷ್ಟೇ ಪುಟ ಅಂತ ಇರುತ್ತದೆ. ಯಾವ ಗೇಮ್‌ಗೆ ನಾಲ್ಕು ಪುಟ, ಯಾವುದಕ್ಕೆ ಕಾಲು ಪುಟ ಅಂತ ಸಂಪಾದಕರು ಕೂತು ತೀರ್ಮಾನ ಮಾಡಲೇಬೇಕು. ಹಾಗಾಗಿ ಒಂದು ಹಳೆಯ ಸಂಚಿಕೆ ತೆರೆದರೆ ಆ ತಿಂಗಳು ಜನ ಯಾವುದಕ್ಕೆ ಬೆಲೆ ಕೊಟ್ಟಿದ್ದರು ಅಂತ ಕಾಣುತ್ತದೆ. ಆಮೇಲೆ ಜಗತ್ತೇ ಹೊಗಳಿದ ಗೇಮ್ ಆಗ ಮೂಲೆಯಲ್ಲಿ ಕೂತಿರಬಹುದು. ಹೆಸರೇ ಅಳಿದುಹೋದ ಗೇಮ್ ಮುಖಪುಟದಲ್ಲಿ ಮೆರೆದಿರಬಹುದು. ವೆಬ್‌ಸೈಟಿನಲ್ಲಿ ಈ ಸುಳಿವು ಸಿಗುವುದಿಲ್ಲ. ಅಲ್ಲಿ ಮುಖಪುಟ ಗಂಟೆಗೊಮ್ಮೆ ಬದಲಾಗುತ್ತದೆ.

ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅಂತ ಒಂದು ಸಂಸ್ಥೆ ಇದೆ, ಫ್ರಾಂಕ್ ಸಿಫಾಲ್ಡಿ ಅವರು 2017ರಲ್ಲಿ ಶುರುಮಾಡಿದ್ದು. 2023ರಲ್ಲಿ ಅವರ ಒಂದು ಅಧ್ಯಯನ ಬಂತು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಗೇಮ್‌ಗಳಲ್ಲಿ 100ಕ್ಕೆ 87 ಈಗ ಕೊಂಡುಕೊಳ್ಳಲು ಸಿಗುವುದೇ ಇಲ್ಲ. ಅಂಥ ಎಷ್ಟೋ ಗೇಮ್‌ಗಳ ಬಗ್ಗೆ ತಿಳಿಯಬೇಕಾದರೆ ಮ್ಯಾಗಜೀನಿನ ಆ ಕಾಲು ಪುಟಕ್ಕೇ ಹೋಗಬೇಕು. 2025ರ ಜನವರಿಯಲ್ಲಿ ಅವರು ಡಿಜಿಟಲ್ ಲೈಬ್ರರಿ ತೆರೆದರು. 1,500ಕ್ಕೂ ಜಾಸ್ತಿ ಹಳೆಯ ಸಂಚಿಕೆಗಳು, ಒಳಗಿನ ಪದ ಪದವನ್ನೂ ಹುಡುಕಬಹುದು, ಯಾರು ಬೇಕಾದರೂ ಓದಬಹುದು. ಒಮ್ಮೆ ಒಳಗೆ ಹೋಗಿ ನೋಡು, ಊಟ ಮರೆಯುತ್ತೀಯ.

ಆದರೆ ರಘು, ಅಲ್ಲಿರುವುದು ಹೆಚ್ಚಾಗಿ ಅವರ ಕತೆ. ನಮ್ಮದು ಎಲ್ಲಿದೆ?

ನಮ್ಮ ಕತೆ ಡಿಜಿಟ್, ಚಿಪ್ ಎಂಬ ಕಂಪ್ಯೂಟರ್ ಮ್ಯಾಗಜೀನ್‌ಗಳಲ್ಲಿದೆ. ಪೂರ್ತಿ ಗೇಮಿಂಗ್ ಮ್ಯಾಗಜೀನ್ ಅಲ್ಲದಿದ್ದರೂ ನಾವು ಕೊಳ್ಳುತ್ತಿದ್ದದ್ದು ಅವುಗಳ ಜೊತೆ ಬರುತ್ತಿದ್ದ ಸಿಡಿಗಾಗಿ ಅಲ್ವಾ? ಆಮೇಲೆ ಡಿಜಿಟ್‌ನವರೇ ಸ್ಕೋರ್ ಅಂತ ಗೇಮಿಂಗ್‌ಗಾಗಿಯೇ ಒಂದನ್ನು ತಂದರು. ಅದು ಬಹಳ ಕಾಲ ಪ್ರತ್ಯೇಕವಾಗಿ ನಿಲ್ಲಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಜಾರು. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿಯಲ್ಲಿ ವಿದೇಶಿ ಮ್ಯಾಗಜೀನ್‌ಗಳು ಸಿಗುತ್ತಿದ್ದವು. ಸಿಡಿ ಅಂಟಿಸಿದ್ದ ಜಾಗದಲ್ಲಿ ಬರೀ ಗೋಂದಿನ ಕಲೆ ಇರುತ್ತಿತ್ತು.

ಆ ಸಿಡಿ ನಮಗೆ ಯಾಕೆ ಅಷ್ಟು ದೊಡ್ಡದಾಗಿತ್ತು ಅಂತ ಇವತ್ತಿನ ಹುಡುಗರಿಗೆ ಹೇಳಿದರೆ ಅರ್ಥ ಆಗೋದು ಕಷ್ಟ. ಫೋನ್ ಲೈನಿನಲ್ಲೇ ಬರುತ್ತಿದ್ದ ಡಯಲಪ್ ಇಂಟರ್ನೆಟ್‌ನಲ್ಲಿ ಸೆಕೆಂಡಿಗೆ 5 ಕೆಬಿ ಬಂದರೆ ಪುಣ್ಯ. ಒಂದು ಸಿಡಿಯಷ್ಟು ಮಾಲು ಇಳಿಸಲು ಒಂದೂವರೆ ದಿನ ಬಿಡದೆ ಲೈನ್ ಹಿಡಿದಿರಬೇಕು. ಅಷ್ಟು ಹೊತ್ತು ಫೋನ್ ಎಂಗೇಜ್, ಮೇಲೆ ಬಿಲ್ಲು. ಅದನ್ನು ಮ್ಯಾಗಜೀನ್ ಬಸ್‌ಸ್ಟ್ಯಾಂಡಿನ ಅಂಗಡಿಗೇ ತಂದು ಕೊಡುತ್ತಿತ್ತು. ಪೂರ್ತಿ ಗೇಮ್ ಕೊಳ್ಳುವ ಮಾತಂತೂ ಇರಲಿಲ್ಲ. ಒಂದೇ ಲೆವೆಲ್ಲಿನ ಡೆಮೊ, ಅದನ್ನೇ ರಜೆಯ ಪೂರ್ತಿ ಆಡುತ್ತಿದ್ದೆವು. ಯಾವ ಗೋಡೆಯ ಹಿಂದೆ ಯಾರು ನಿಂತಿದ್ದಾರೆ ಅಂತ ಬಾಯಿಪಾಠ.

ಗೇಮ್‌ಗಳು ಹೇಗೋ ಉಳಿಯುತ್ತವೆ ಅಂತಲೇ ಇಟ್ಟುಕೋ, ಎಲ್ಲೋ ಯಾರೋ ಕಾಪಿ ಇಟ್ಟಿರುತ್ತಾರೆ. ಆದರೆ ದಾವಣಗೆರೆಯಲ್ಲಿ ಕೂತ ಒಬ್ಬ ಹುಡುಗ ಅವನ್ನು ಹೇಗೆ ಕಂಡ, ಆಗ ಇಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ರೂಪಾಯಿ, 64 ಎಂಬಿ ರ‍್ಯಾಮಿನಲ್ಲಿ ಯಾವುದು ಓಡುತ್ತಿತ್ತು ಯಾವುದು ಓಡುತ್ತಿರಲಿಲ್ಲ, ಓದುಗರು ಪತ್ರ ಬರೆದು ಏನು ಕೇಳುತ್ತಿದ್ದರು, ಇದು ಅಮೆರಿಕದ ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ. ಅದು ಇರುವುದು ನಮ್ಮ ಮ್ಯಾಗಜೀನ್‌ಗಳಲ್ಲಿ, ಅವು ಇರುವುದು ನಿಮ್ಮಂಥವರ ಮನೆಯ ಅಟ್ಟದಲ್ಲಿ.

ಮನೆ ರಿಪೇರಿ ಶುರುವಾಗುತ್ತೆ, ಅಟ್ಟ ಖಾಲಿ ಮಾಡಬೇಕು ಅಂದೆಯಲ್ಲ. ನಿನ್ನ ರಟ್ಟಿನ ಪೆಟ್ಟಿಗೆಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡ. ಕೆಜಿ ಲೆಕ್ಕದಲ್ಲಿ ಎಷ್ಟು ಬರುತ್ತೋ ಅದನ್ನು ನಾನೇ ಕೊಡುತ್ತೇನೆ.

ಮೊದಲು ಸಿಡಿಗಳನ್ನು ನೋಡು. ಕಾಗದ ತಡೆಯುತ್ತೆ, ಸಿಡಿ ತಡೆಯಲ್ಲ. ಹೊಳೆಯುವ ಪದರ ಎದ್ದು ಬಂದರೆ ಮುಗಿಯಿತು. ಬೆಳಕಿಗೆ ಹಿಡಿದು ನೋಡು, ಸೂಜಿಮೊನೆಯಷ್ಟು ತೂತು ಕಂಡವನ್ನು ಬೇರೆ ಇಡು, ಅವುಗಳ ಕಾಪಿ ಮೊದಲು ತೆಗೆಯಬೇಕು. ಫೈಲುಗಳನ್ನು ಸುಮ್ನೆ ಎಳೆದು ಹಾಕಬೇಡ, ಇಡೀ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೇ ಪೂರ್ತಿ ನಕಲು, ತೆಗೆ. ಮ್ಯಾಗಜೀನ್‌ಗಳ ಪುಟ ಕೀಳಬೇಡ, ಪಿನ್ನನ್ನೂ ಬಿಚ್ಚಬೇಡ, ಅದನ್ನು ನಾನು ಬಂದು ಮಾಡುತ್ತೇನೆ. ದಸರಾ ರಜೆಯಲ್ಲಿ ಸ್ಕ್ಯಾನರ್ ಹಿಡಿದುಕೊಂಡೇ ಬರುತ್ತೇನೆ. ಬರೀ ಮುಖಪುಟ, ವಿಮರ್ಶೆ ಅಲ್ಲ, ಜಾಹೀರಾತಿನ ಪುಟಗಳನ್ನೂ ಬಿಡದೆ ಮಾಡೋಣ. ಎಲ್ಲಿ ಹಾಕಬೇಕು, ಯಾರ ಒಪ್ಪಿಗೆ ಕೇಳಬೇಕು ಅನ್ನೋದನ್ನು ಆಮೇಲೆ ಕೂತು ಯೋಚಿಸೋಣ. ಈಗ ಉಳಿಸುವುದು ಮುಖ್ಯ.

ಅಲ್ಲಿಯವರೆಗೆ ಪೆಟ್ಟಿಗೆಗಳನ್ನು ನೆಲದಿಂದ ಸ್ವಲ್ಪ ಎತ್ತರದಲ್ಲಿಡು, ಗೆದ್ದಲು ಹತ್ತದ ಹಾಗೆ. ಅಮ್ಮನಿಗೂ ಒಂದು ಮಾತು ಹೇಳಿಡು. ಗುಜರಿಯವನು ಬಂದಾಗ ನೀನು ಮನೆಯಲ್ಲಿ ಇರುವುದಿಲ್ಲ, ಅವರು ಇರುತ್ತಾರೆ.

ಇಂತಿ ನಿನ್ನ,
ಸುಧೀ