ಶ್ರೀಸಾಮಾನ್ಯ ಮಿಷನರಿಗೆ ಮೊದಲು ಬೇಕಾದದ್ದು ತಯಾರಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ ತಿಂಗಳ ಕೊನೆಯಿಂದ ಎರಡನೇ ಭಾನುವಾರವನ್ನು ಕಥೋಲಿಕ ಚರ್ಚುಗಳು ವಿಶ್ವ ಮಿಷನ್ ಭಾನುವಾರವಾಗಿ ಆಚರಿಸುತ್ತವೆ. ಆ ಹೊತ್ತಿಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳು ಹೆಚ್ಚಾಗಿ ಪಾದ್ರಿಗಳ ಮತ್ತು ಕನ್ಯಾಸ್ತ್ರೀಯರ ಬಗ್ಗೆ. ಯಾವ ವ್ರತವನ್ನೂ ತೊಡದೆ, ಕೆಲವೊಮ್ಮೆ ಹೆಂಡತಿ ಮಕ್ಕಳ ಸಮೇತ, ಹೊರದೇಶದ ಧರ್ಮಪ್ರಾಂತ್ಯವೊಂದರಲ್ಲಿ (ಒಬ್ಬ ಧರ್ಮಾಧ್ಯಕ್ಷರ, ಅಂದರೆ ಬಿಷಪರ, ಆಡಳಿತಕ್ಕೆ ಸೇರಿದ ಪ್ರದೇಶದಲ್ಲಿ) ಕೆಲವು ವರ್ಷ ದುಡಿದು ಬರುವ ನರ್ಸ್, ಶಿಕ್ಷಕ, ಲೆಕ್ಕಿಗ, ಮೆಕ್ಯಾನಿಕ್‌ಗಳ ಮಾತು ಅಲ್ಲಿ ಬರುವುದೇ ಇಲ್ಲ. ಇವರನ್ನೇ ಶ್ರೀಸಾಮಾನ್ಯ ಮಿಷನರಿಗಳು ಎನ್ನುವುದು. ನಮ್ಮ ಕರಾವಳಿಯಲ್ಲೂ ಇಂಥ ಸೇವೆಗೆ ಹೋಗಬೇಕೆಂಬ ಆಸೆಯ ಯುವಜನರಿದ್ದಾರೆ. ಅವರಿಗೂ ಅವರನ್ನು ಕಳುಹಿಸಬಲ್ಲ ಧರ್ಮಪ್ರಾಂತ್ಯಗಳಿಗೂ ಉಪಯೋಗಕ್ಕೆ ಬರಲೆಂದು ಈ ಪತ್ರ.

ಇದು ಹೊಸ ಯೋಚನೆಯಲ್ಲ. ಲಾಸ್ ಏಂಜಲೀಸ್‌ನಲ್ಲಿ ಮಾನ್ಸಿನ್ಯೋರ್ ಎಂಬ ಗೌರವ ಪದವಿಯ ಪಾದ್ರಿ ಆಂಥೊನಿ ಬ್ರೌವರ್ಸ್ 1955ರಲ್ಲೇ ಶ್ರೀಸಾಮಾನ್ಯರನ್ನು ಕಳುಹಿಸುವ ಸಂಘ ಕಟ್ಟಿದರು. ಇಂಗ್ಲೆಂಡಿನಲ್ಲಿ ಎಡ್ವಿನಾ ಗೇಟ್ಲಿ 1969ರಲ್ಲಿ ವಾಲಂಟಿಯರ್ ಮಿಷನರಿ ಮೂವ್‌ಮೆಂಟ್ ಆರಂಭಿಸಿದರು. ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಮಿಷನ್ ಕುರಿತ ಆದೇಶಪತ್ರದ 41ನೇ ವಿಭಾಗ, ಶಾಲೆಯಲ್ಲಿ ಕಲಿಸುವುದು, ಲೌಕಿಕ ವ್ಯವಹಾರ ನೋಡಿಕೊಳ್ಳುವುದು ಇವೆಲ್ಲ ಶ್ರೀಸಾಮಾನ್ಯರು ಮಾಡಬೇಕಾದ ಕೆಲಸವೆಂದು ಹೇಳಿದೆ. 1980ರ ಡಿಸೆಂಬರ್ 2ರಂದು ಎಲ್ ಸಾಲ್ವಡಾರ್‌ನಲ್ಲಿ ಮೂವರು ಕನ್ಯಾಸ್ತ್ರೀಯರೊಂದಿಗೆ ಸೈನಿಕರ ಕೈಯಲ್ಲಿ ಹತಳಾದ ಜೀನ್ ಡೊನೊವನ್ ಕೂಡ ಶ್ರೀಸಾಮಾನ್ಯ ಮಿಷನರಿ. 27 ವರ್ಷ ವಯಸ್ಸಿನ ಆಕೆ ಅಮೆರಿಕದಲ್ಲಿದ್ದ ಒಳ್ಳೆಯ ಉದ್ಯೋಗ ಬಿಟ್ಟು ಅಲ್ಲಿಗೆ ಹೋಗಿದ್ದಳು.

ಮಿಷನರಿ ಎಂದೊಡನೆ ಮತಾಂತರದ ಸಂಶಯ ನಮ್ಮಲ್ಲಿ ಏಳುತ್ತದೆ. ಇಲ್ಲಿ ಹೇಳುತ್ತಿರುವ ಸೇವೆ ಅದಲ್ಲ. ಟಾಂಜಾನಿಯಾದ ಉದಾಹರಣೆಯನ್ನೇ ನೋಡಿ. ವಿಕ್ಟೋರಿಯಾ ಸರೋವರದ ದಡದ ಮುಸೋಮಾ, ಮ್ವಾಂಜಾಗಳಲ್ಲಿ ಸ್ವಂತ ಧರ್ಮಾಧ್ಯಕ್ಷರು, ಸ್ವಂತ ಪಾದ್ರಿಗಳು ಇರುವ ಬೆಳೆದ ಧರ್ಮಸಭೆ ಇದೆ. ಅಲ್ಲಿಯವರು ಕರೆದರೆ ಮಾತ್ರ, ಅವರು ಹೇಳಿದ ಕೆಲಸಕ್ಕೆ ಹೋಗುವುದು ಸರಿಯಾದ ಕ್ರಮ. ಕಳುಹಿಸುವ ಸಂಸ್ಥೆ, ಬರಮಾಡಿಕೊಳ್ಳುವ ಧರ್ಮಪ್ರಾಂತ್ಯ, ಹೋಗುವ ವ್ಯಕ್ತಿ ಈ ಮೂವರ ನಡುವೆ ಲಿಖಿತ ಒಪ್ಪಂದ ಇರಲೇಬೇಕು. ಕೆಲಸ ಏನು, ಯಾರ ಮೇಲ್ವಿಚಾರಣೆ, ಮನೆ ಯಾರದು, ವಿಮೆ ಮತ್ತು ವಾಪಸು ಟಿಕೆಟ್ ಯಾರ ಹೊಣೆ, ಮಧ್ಯದಲ್ಲಿ ಹೊಂದಿಕೆಯಾಗದಿದ್ದರೆ ಏನು ಎಂಬುದೆಲ್ಲ ಅದರಲ್ಲಿ ಬರಬೇಕು. ಬಾಯಿಮಾತಿನ ಆಹ್ವಾನ ನಂಬಿ ಹೋದವರಿಗೆ ಅಲ್ಲಿ ಮಾಡಲು ನಿರ್ದಿಷ್ಟ ಕೆಲಸವೇ ಇರುವುದಿಲ್ಲ. ಫೋಟೊ ತೆಗೆಯುವುದು, ಇಂಗ್ಲಿಷ್ ಪಾಠ ಹೇಳುವುದು ಇಷ್ಟರಲ್ಲೇ ವರ್ಷ ಕಳೆಯುತ್ತದೆ.

ಆಯ್ಕೆಯೂ ಸುಲಭವಾಗಿರಬಾರದು. ಅರ್ಜಿ, ಧರ್ಮಕೇಂದ್ರದ (ಊರಿನ ಚರ್ಚಿನ) ಗುರುಗಳ ಶಿಫಾರಸು, ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಮನಶ್ಶಾಸ್ತ್ರಜ್ಞರೊಂದಿಗೆ ಮಾತುಕತೆ, ಇವುಗಳಲ್ಲಿ ಕೊನೆಯದನ್ನು ನಮ್ಮವರು ಅವಮಾನವೆಂದು ತಿಳಿಯುತ್ತಾರೆ. ಹಾಗಲ್ಲ. ಮನೆಯಲ್ಲಿ ಸಾವಾಗಿ ವರ್ಷ ತುಂಬದವರು, ಮುರಿದ ಸಂಬಂಧದಿಂದ ದೂರ ಓಡಲು ಬಯಸುವವರು ದೂರದ ಊರಿನ ಒಂಟಿತನದಲ್ಲಿ ಕುಸಿಯುತ್ತಾರೆ. ಶಿಕ್ಷಣ ಸಾಲ ಬಾಕಿ ಇದ್ದರೆ ಅದನ್ನು ತೀರಿಸುವ ಏರ್ಪಾಡು ಮೊದಲೇ ಆಗಬೇಕು, ಏಕೆಂದರೆ ಸಿಗುವ ಭತ್ಯೆ ಊಟ ತಿಂಡಿ, ಬಸ್ಸು, ಫೋನಿಗಷ್ಟೇ ಸಾಲುತ್ತದೆ. ನರ್ಸ್‌ಗೆ ಆ ದೇಶದ ನರ್ಸಿಂಗ್ ಮಂಡಳಿಯ ನೋಂದಣಿ ಬೇಕು. ಟಾಂಜಾನಿಯಾದಲ್ಲಿ ಮಿಷನರಿಗಳಿಗೂ ಸ್ವಯಂಸೇವಕರಿಗೂ ಸಿಗುವುದು 'ಸಿ' ದರ್ಜೆಯ ವಾಸ ಪರವಾನಗಿ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ನಿಲ್ಲುವುದು ಕಾನೂನುಬಾಹಿರ. ಸಿಕ್ಕಿಬಿದ್ದರೆ ಆತಿಥ್ಯ ಕೊಟ್ಟ ಧರ್ಮಕೇಂದ್ರಕ್ಕೂ ತೊಂದರೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಭಾಷೆಯಲ್ಲಿ. ಮುಸೋಮಾದ ಮಕೋಕೊ ಭಾಷಾಶಾಲೆಯಲ್ಲಿ ಮಿಷನರಿಗಳು ತಿಂಗಳುಗಟ್ಟಲೆ ಬೇರೆ ಕೆಲಸ ಬಿಟ್ಟು ಆ ನಾಡಿನ ಭಾಷೆಯಾದ ಸ್ವಾಹಿಲಿ ಕಲಿಯುತ್ತಾರೆ. "ಅಲ್ಲಿ ಹೋದ ಮೇಲೆ ತಾನಾಗಿ ಬರುತ್ತದೆ" ಎಂದು ಈ ತಿಂಗಳುಗಳನ್ನು ಉಳಿಸಲು ಹೋಗುವವರು ಒಂದು ವಿಷಯ ಗಮನಿಸಬೇಕು. ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ 7 ಅವರಿಗೆ 1 ಗಂಟೆ, ನಮ್ಮ 8 ಅವರಿಗೆ 2. ಸಂಜೆ 7ಕ್ಕೆ ಮತ್ತೆ 1ರಿಂದ ಎಣಿಕೆ. ಇದು ತಿಳಿಯದ ನರ್ಸ್ "2 ಗಂಟೆಗೆ ಮಾತ್ರೆ ತೆಗೆದುಕೊಳ್ಳಿ" ಎಂದು ಸ್ವಾಹಿಲಿಯಲ್ಲಿ ಹೇಳಿದರೆ ರೋಗಿ 8 ಗಂಟೆಗೆ ನುಂಗುತ್ತಾನೆ. "10ಕ್ಕೆ ಬನ್ನಿ" ಎಂದರೆ ಸಂಜೆ 4ಕ್ಕೆ ಬಂದು ಬಾಗಿಲು ಹಾಕಿದ ಕ್ಲಿನಿಕ್ ನೋಡಿ ಹೋಗುತ್ತಾನೆ. ಅಂಥ ರೋಗಿಯನ್ನು ಶಿಸ್ತಿಲ್ಲದವನೆಂದು ಬೈದವರೂ ಇದ್ದಾರೆ, ತಪ್ಪು ಮಾತ್ರ ಹೇಳಿದವರದು. ಇನ್ನು ಮ್ವಾಂಜಾದ ಹಳ್ಳಿಗಳಲ್ಲಿ ಅಜ್ಜಿಯಂದಿರಿಗೆ ಸುಕುಮಾ ಭಾಷೆಯೇ ಸಲೀಸು, ಸ್ವಾಹಿಲಿ ಅಷ್ಟಕ್ಕಷ್ಟೆ. ದುಭಾಷಿ ಇಲ್ಲದೆ ಅಲ್ಲಿ ರೋಗದ ವಿವರ ಕೇಳುವುದೇ ಅಪಾಯ.

ಭಾಷೆ ಹಿಡಿತಕ್ಕೆ ಬರುವ ಜಾಗ ಎಂದರೆ ಜುಮುಯಿಯಾ. ಪೂರ್ವ ಆಫ್ರಿಕಾದ ಧರ್ಮಾಧ್ಯಕ್ಷರು 1970ರ ದಶಕದಲ್ಲಿ ಒತ್ತು ಕೊಟ್ಟು ಬೆಳೆಸಿದ ನೆರೆಹೊರೆಯ ಕಿರು ಕ್ರೈಸ್ತ ಸಮುದಾಯ ಅದು. ಅಕ್ಕಪಕ್ಕದ ಮನೆಯವರು ವಾರಕ್ಕೊಮ್ಮೆ ಸೇರಿ ಮುಂದಿನ ಭಾನುವಾರದ ಶುಭಸಂದೇಶ (ಬೈಬಲಿನ ಭಾಗ) ಓದುತ್ತಾರೆ, ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಸಹಾಯ ಬೇಕೆಂದು ಮಾತಾಡುತ್ತಾರೆ. ಹೊಸಬರು ಮೊದಲ ವರ್ಷ ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡರೆ ಸಾಕು.

ಆರೋಗ್ಯದ ವಿಷಯ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚುಮದ್ದಿನ 10 ದಿನಗಳ ನಂತರ. ಆಮೇಲೆ ಅದು ಜೀವನಪೂರ್ತಿಗೆ ಸಾಕು. ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರು ಆ ಪ್ರದೇಶ ಬಿಟ್ಟ ಮೇಲೂ 4 ವಾರ ಮುಂದುವರಿಸಬೇಕು. ಹೆಚ್ಚಿನವರು ನಿಲ್ಲಿಸಿಬಿಡುವುದು ಇಲ್ಲೇ. ಮನಸ್ಸಿನ ತೊಂದರೆಯ ಹಿನ್ನೆಲೆ ಇದ್ದವರಿಗೆ ಮೆಫ್ಲೊಕ್ವಿನ್ ಎಂಬ ಇನ್ನೊಂದು ಮಲೇರಿಯಾ ಔಷಧ ಬೇಡ. ವರ್ಷಗಟ್ಟಲೆ ಇರುವವರು ಏನು ತೆಗೆದುಕೊಳ್ಳಬೇಕೆಂದು ವೈದ್ಯರೇ ನಿರ್ಧರಿಸಲಿ. ಔಷಧ ಲೇಪಿಸಿದ ಸೊಳ್ಳೆಪರದೆಯಂತೂ ದಿನವೂ ಬೇಕು. ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ. ವಿಕ್ಟೋರಿಯಾ ಸರೋವರ ಎಷ್ಟೇ ಚೆಂದ ಕಂಡರೂ ನೀರಿಗಿಳಿಯಬೇಡಿ. ಅಲ್ಲಿನ ಬಸವನಹುಳುಗಳಿಂದ ಹೊರಬರುವ, ಬಿಲ್ಹಾರ್ಜಿಯಾ ಎಂಬ ರೋಗ ತರುವ ಮರಿಹುಳು ಚರ್ಮದ ಮೂಲಕವೇ ಒಳಸೇರುತ್ತದೆ. ಊರಿಗೆ ಮರಳಿದ ಮೇಲೂ ಜ್ವರ ಬಂದರೆ ಎಲ್ಲಿಂದ ಬಂದದ್ದೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು.

ಹಣದ ವಿಚಾರದಲ್ಲಿ ನಮ್ಮ ಅಭಿಪ್ರಾಯ ಕಟುವೆನಿಸಬಹುದು. ಮಿಷನರಿ ತನ್ನ ಕೈಯಿಂದ ಯಾರಿಗೂ ನಗದು ಕೊಡಬಾರದು. ಒಬ್ಬರ ಶಾಲಾಶುಲ್ಕ ಕಟ್ಟಿದ ಸುದ್ದಿ ಮರುದಿನ ಊರಿಗೆಲ್ಲ ತಿಳಿದಿರುತ್ತದೆ. ಆಮೇಲೆ ಬಾಗಿಲಿಗೆ ಬರುವವರು ಗೆಳೆತನಕ್ಕೆ ಬಂದರೋ ಹಣಕ್ಕೋ ಎಂಬ ಅನುಮಾನ ಎರಡೂ ಕಡೆ ಉಳಿಯುತ್ತದೆ. ಕಷ್ಟದಲ್ಲಿರುವವರಿಗೆ ಸಹಾಯ ಹೋಗಲಿ, ಆದರೆ ಜುಮುಯಿಯಾ ಇಲ್ಲವೇ ಧರ್ಮಕೇಂದ್ರದ ಸಮಿತಿಯ ಮೂಲಕ. ಯಾರು ನಿಜವಾಗಿ ಬಡವರೆಂದು ನೆರೆಯವರಿಗೆ ಗೊತ್ತು. ವಸ್ತುದಾನದಲ್ಲೂ ವಿವೇಕ ಬೇಕು. ಅಮೆರಿಕದಿಂದ ಬಂದ 120 ವೋಲ್ಟ್‌ನ ಆಸ್ಪತ್ರೆ ಯಂತ್ರವನ್ನು ಅಲ್ಲಿನ 230 ವೋಲ್ಟ್‌ಗೆ ಸಿಕ್ಕಿಸಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ಭಾರತದ ಯಂತ್ರಗಳಿಗೆ ಈ ತೊಂದರೆ ಇಲ್ಲ, ನಮ್ಮದೂ 230 ವೋಲ್ಟ್. ಪ್ಲಗ್ ಮಾತ್ರ ಬೇರೆ, ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಕಡ್ಡಿಯದು.

ಮಿಷನರಿ ಹಿಂದಿರುಗಿದ ಮೇಲೆ ಕೆಲಸ ನಿಂತುಹೋಗುವುದಕ್ಕೆ ಕಾರಣ ಹುಡುಕಿದರೆ ಹೆಚ್ಚಾಗಿ ಒಂದೇ ಸಿಗುತ್ತದೆ: ದಾನಿಗಳ ವಿಳಾಸ ಅವರ ಫೋನಿನಲ್ಲಿ, ಲೆಕ್ಕ ಅವರ ಲ್ಯಾಪ್‌ಟಾಪಿನಲ್ಲಿ, ಅದೂ ಇಂಗ್ಲಿಷಿನಲ್ಲಿ. ಬ್ಯಾಂಕ್ ಖಾತೆಗೆ ಮೊದಲ ದಿನದಿಂದಲೇ ಸ್ಥಳೀಯರಿಬ್ಬರ ಸಹಿ ಇರಬೇಕು, ಲೆಕ್ಕದ ಪುಸ್ತಕ ಸ್ವಾಹಿಲಿಯಲ್ಲಿರಬೇಕು, ಕೊನೆಯ 6 ತಿಂಗಳು ಮಿಷನರಿ ಪಕ್ಕದಲ್ಲಿ ಕೂತು ನೋಡುವವರಾಗಬೇಕು. ಹತ್ತು ದಿನ ಹೋಗಿ ಶಾಲೆಗೆ ಬಣ್ಣ ಬಳಿದು ಬರುವ ಪ್ರವಾಸಗಳನ್ನು ನಾವು ಸೇವೆಯೆಂದು ಒಪ್ಪುವುದಿಲ್ಲ. ಆ ಟಿಕೆಟ್ಟಿನ ದುಡ್ಡಿಗೆ ಆ ಊರಿನ ಬಣ್ಣದವರೇ ಎಷ್ಟೋ ಶಾಲೆಗಳಿಗೆ ಬಣ್ಣ ಹೊಡೆದಾರು.

ನಮ್ಮ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಉದ್ಯೋಗಕ್ಕೆ ಹೋದವರಲ್ಲಿ ಅನೇಕರು ಅಲ್ಲಿನ ಚರ್ಚುಗಳಲ್ಲಿ ಬಿಡುವಿನ ದಿನ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಾರೆ. ಅಂದರೆ ಜನ ಇದ್ದಾರೆ, ಮನಸ್ಸೂ ಇದೆ. ಪಾದ್ರಿಗಳನ್ನೂ ಕನ್ಯಾಸ್ತ್ರೀಯರನ್ನೂ ಹೊರದೇಶಕ್ಕೆ ಕಳುಹಿಸಲು ಅವರ ಧಾರ್ಮಿಕ ಸಂಸ್ಥೆಗಳಿವೆ. ಶ್ರೀಸಾಮಾನ್ಯರ ಬೆನ್ನಿಗೆ ಅಂಥ ಆಸರೆ ಕಾಣುವುದಿಲ್ಲ. ಕರ್ನಾಟಕದ ಧರ್ಮಪ್ರಾಂತ್ಯಗಳು ಕೂಡಿ ಒಂದು ಸಣ್ಣ ಕಚೇರಿ ತೆರೆಯಲಿ. ಮೊದಲಿಗೆ ಇಬ್ಬರನ್ನು ಕಳುಹಿಸಿದರೂ ಸಾಕು. ಭಾಷಾ ಕಲಿಕೆಯ ಖರ್ಚು, ವಿಮೆ, ಹೋಗಿಬರುವ ಟಿಕೆಟ್, ಮರಳಿದ ಮೇಲೆ ಕೆಲಸ ಹುಡುಕುವ ತನಕ ಆರು ತಿಂಗಳ ಭತ್ಯೆ, ಈ ನಾಲ್ಕಕ್ಕೆ ಹಣ ತೆಗೆದಿಟ್ಟ ಮೇಲೆಯೇ ಅರ್ಜಿ ಕರೆಯಲಿ.

ಇಂತಿ,
ಶ್ರೀಸಾಮಾನ್ಯ ಸ್ವಯಂಸೇವಕರ ತಯಾರಿಯಲ್ಲಿ ತೊಡಗಿರುವ ಕೆಲವರು,
ಮಂಗಳೂರು