ನೀರು ದಂಡೆಗೆ ಇರುವಾಗಲೇ ಬಾ: ಗೆಳೆಯನಿಗೊಂದು ಪತ್ರ

ನವನಗರ, ಬಾಗಲಕೋಟೆ

ಪ್ರೀತಿಯ ಗೆಳೆಯಾ,

ಇತ್ತ ನಾವೆಲ್ಲರೂ ಕ್ಷೇಮ. ಅತ್ತ ಪುಣೆಯಲ್ಲಿ ನೀನು, ವೈನಿಯವರು, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ಗಣಪತಿಯನ್ನು ಕಳಿಸಿದ ಮರುದಿನವೇ ನಿನ್ನ ಪತ್ರ ಕೈಸೇರಿತು. ಹಿನ್ನೀರಿನ ದಂಡೆಯ ತೋಟದ ಮನೆಯಿಂದ ಅವ್ವನನ್ನೂ ಮನೆಯ ಸಾಮಾನನ್ನೂ ನವನಗರಕ್ಕೆ ತರಬೇಕು, ಕಾಕಾ ಬಿಟ್ಟುಹೋದ ದೋಣಿಯನ್ನು ಅಲ್ಲಿ ಅನಾಥವಾಗಿ ಬಿಡಬಾರದು, ಆದರೆ ನನಗೆ ದೊಡ್ಡ ರಜೆ ಸಿಗುವುದು ಮೇ ತಿಂಗಳಲ್ಲಿ, ಆಗ ಬಂದು ಎಲ್ಲವನ್ನೂ ಒಂದೇ ಸಲ ಟ್ರ್ಯಾಕ್ಟರಿಗೆ ಹೇರಿಸಿದರೆ ಸಾಲದೇ ಎಂದು ಕೇಳಿದ್ದೀಯ. ಇದನ್ನು ಓದಿದ ಮೇಲೆ ನಾನು ಎರಡು ಭಾನುವಾರ ಬೀಳಗಿ ಕಡೆಯ ದಂಡೆಗೆ ಹೋಗಿ, ನಿಮ್ಮ ಮನೆಯೆದುರಿನ ದೋಣಿ ಕಟ್ಟುವ ಜಾಗವನ್ನು ಕಣ್ಣಾರೆ ನೋಡಿ, ಅಲ್ಲಿಯ ಅಂಬಿಗರ ಹಿರಿಯರೊಬ್ಬರ ಜೊತೆ ಕುಳಿತು ಮಾತಾಡಿ ಬಂದಿದ್ದೇನೆ. ಮೇ ತಿಂಗಳಿಗೆ ಕಾಯಬೇಡ. ಮಹಾನವಮಿಗೂ ದೀಪಾವಳಿಗೂ ನಡುವಿನ ಒಂದು ವಾರವನ್ನು ಹೇಗಾದರೂ ಬಿಡಿಸಿಕೊಂಡು ಬಾ.

ಕಾರಣ ಹೇಳುತ್ತೇನೆ. ಈ ಹಿನ್ನೀರು ನಿಲ್ಲಿಸುವ ಆಲಮಟ್ಟಿ ಅಣೆಕಟ್ಟಿನ ಪೂರ್ಣಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಆ ಮಟ್ಟ ಮುಟ್ಟಿದಾಗ ಜಲಾಶಯದಲ್ಲಿ ಸುಮಾರು 123 ಟಿಎಂಸಿ ಅಡಿ ನೀರು ನಿಲ್ಲುತ್ತದೆ, ಮತ್ತು ನಿಮ್ಮ ದಿಬ್ಬದ ಸುತ್ತಲಿನ ಗಾಡಿದಾರಿ ಮುಳುಗಿ ಮನೆಯೊಂದೇ ನಡುಗಡ್ಡೆಯಂತೆ ಉಳಿಯುತ್ತದೆ. ಈಗ ಇರುವುದು ಅದೇ ಸ್ಥಿತಿ. ಕಾಲುವೆಗಳಿಗೆ ನೀರು ಬಿಡುತ್ತ ಹೋದಂತೆ ಚಳಿಗಾಲದುದ್ದಕ್ಕೂ ಮಟ್ಟ ಇಳಿಯುತ್ತದೆ. ನಮ್ಮ ಕಡೆಯ ಎರೆಹೊಲಗಳ ಇಳಿಜಾರು ಎಷ್ಟು ಮೆಲ್ಲನೆಯದು ಎಂಬುದು ನಿನಗೆ ಗೊತ್ತು. ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಎಂದು ಹಿಡಿದರೂ, ಮಟ್ಟ ಒಂದು ಮೀಟರ್ ಕುಸಿದರೆ ದಂಡೆ ನೂರು ಮೀಟರ್ ಹಿಂದೆ ಸರಿಯುತ್ತದೆ, ಐದು ಮೀಟರ್ ಕುಸಿದರೆ ಅರ್ಧ ಕಿಲೋಮೀಟರ್. ಆ ಬಯಲಾದ ನೆಲ ಕೂಡಲೇ ಒಣ ನೆಲವಾಗುವುದಿಲ್ಲ. ಮೇಲೆ ಹೆಪ್ಪುಗಟ್ಟಿದಂತೆ ಕಂಡರೂ ಒಳಗೆ ಮೊಣಕಾಲುದ್ದ ಕೆಸರು ತಿಂಗಳುಗಟ್ಟಲೆ ಉಳಿದಿರುತ್ತದೆ. ದೋಣಿಯೂ ಹೋಗದ, ಟ್ರ್ಯಾಕ್ಟರೂ ಹೋಗದ ಕಾಲ ಅದು. ಆ ಕಾಲದಲ್ಲಿ ಅವ್ವನಿಗೆ ರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಒಯ್ಯುವ ದಾರಿ ಯಾವುದು ಎಂದು ಯೋಚಿಸು. ಕಳೆದ ಆಗಸ್ಟಿನಲ್ಲಿ ಕನಿಷ್ಠ ದೋಣಿಯಾದರೂ ಇತ್ತು.

ಈ ಕೆಸರಿನ ಮಾತನ್ನು ನಾನು ಕೇಳಿ ಹೇಳುತ್ತಿಲ್ಲ. ಹಳೆಯ ಮನೆ ಮುಳುಗಡೆಗೆ ಹೋದ ವರ್ಷ ನಮ್ಮ ಅಪ್ಪ ಹಬ್ಬ ಮುಗಿಯಲಿ, ಜೋಳದ ರಾಶಿ ಮುಗಿಯಲಿ ಎಂದು ಮುಂದೂಡುತ್ತ ಹೋಗಿ, ಕಡೆಗೆ ಸಂಕ್ರಾಂತಿಯ ಮರುವಾರ ಸಾಮಾನು ಸಾಗಿಸಲು ನಿಂತರು. ಬಾಡಿಗೆಯ ಟ್ರ್ಯಾಕ್ಟರಿನವನು ದಂಡೆಯ ತನಕ ಬರುತ್ತೇನೆಂದು ಮುಂಗಡ ತೆಗೆದುಕೊಂಡಿದ್ದ. ಅರ್ಧ ದಾರಿಯಲ್ಲಿ ಟ್ರೇಲರಿನ ಗಾಲಿ ಅಚ್ಚಿನ ತನಕ ಹೂತಿತು, ಮಧ್ಯಾಹ್ನದ ಹೊತ್ತಿಗೆ ಆತ ಟ್ರೇಲರು ಬಿಚ್ಚಿಟ್ಟು ಎಂಜಿನ್ ಮಾತ್ರ ಹೊಡೆದುಕೊಂಡು ಹೋದ. ನಾವು ಒಂದೊಂದೇ ಸಾಮಾನು ಹೊತ್ತೆವು. ಅಜ್ಜಿಯ ಬೀಸುವ ಕಲ್ಲಿನ ಮೇಲಿನ ಹೋಳನ್ನು ನಾನು ತಲೆಯ ಮೇಲೆ ಇಟ್ಟುಕೊಂಡು ಹತ್ತು ಹೆಜ್ಜೆ ನಡೆದಿದ್ದೆ, ಕಾಲು ಕಿತ್ತು ಬರಲಿಲ್ಲ, ಕಲ್ಲು ಜಾರಿ ಕೆಸರಿಗೆ ಬಿತ್ತು. ಕೈ ತೋಳಿನ ತನಕ ಇಳಿಸಿ ಹುಡುಕಿದರೂ ಸಿಗಲಿಲ್ಲ. ಕೆಳಗಿನ ಹೋಳು ಇವತ್ತಿಗೂ ನಮ್ಮ ಹಿತ್ತಲಿನಲ್ಲಿ ಒಂಟಿಯಾಗಿ ಬಿದ್ದಿದೆ. ಅದನ್ನು ನೋಡಿದಾಗಲೆಲ್ಲ ಅಪ್ಪ ಮಾತು ಬದಲಿಸುತ್ತಿದ್ದರು.

ಆದ್ದರಿಂದ ನನ್ನ ಸಲಹೆಯೆಂದರೆ, ಮನೆಯನ್ನು ಒಂದೇ ಸಲ ಸಾಗಿಸುವ ಯೋಚನೆಯನ್ನೇ ಬಿಡು. ಜೀವ ಇರುವುದು, ದಿನವೂ ಬೇಕಾಗುವುದು ಮತ್ತು ದೋಣಿ, ಇವು ಈಗ ನೀರಿನ ಮೇಲೆ ಹೋಗಲಿ. ಒಳ್ಳು, ಬೀಸುವ ಕಲ್ಲು, ಬಾಗಿಲ ಚೌಕಟ್ಟು, ತೊಲೆ, ಕಬ್ಬಿಣದ ತಿಜೋರಿ ಇಂಥವು ಮೇ ತಿಂಗಳ ತನಕ ಅಲ್ಲೇ ಇರಲಿ. ಆಗ ಎರೆ ನೆಲ ಬಿರುಕು ಬಿಟ್ಟು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಟ್ರ್ಯಾಕ್ಟರು ಮನೆಯ ಅಂಗಳಕ್ಕೇ ಬರುತ್ತದೆ, ನಿನಗೆ ರಜೆಯೂ ಇರುತ್ತದೆ. ಮುಂಗಾರಿನ ಮೊದಲ ಅಡ್ಡಮಳೆ ಬೀಳುವುದರೊಳಗೆ ಮುಗಿಸಿದರಾಯಿತು. ಎಮ್ಮೆಗಳನ್ನು ನಿನ್ನ ತಮ್ಮ ಜೂನ್‌ನಲ್ಲಿಯೇ ಆಚೆ ದಂಡೆಯ ಬೀಗರ ಮನೆಗೆ ಹೊಡೆದುಕೊಂಡು ಹೋಗಿರುವುದರಿಂದ ಆ ಚಿಂತೆ ಇಲ್ಲ.

ದಿನ ಗೊತ್ತುಮಾಡುವ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಜುಲೈ ಆಗಸ್ಟಿನಲ್ಲಿ ನೀರು ತುಂಬಿದ್ದರೂ ಪಶ್ಚಿಮದ ಗಾಳಿ ಬಿಡುವುದಿಲ್ಲ. ಗಾಳಿಗೆ ಓಡಲು ತೆರೆದ ನೀರು ಎಷ್ಟು ದೂರ ಸಿಗುತ್ತದೆಯೋ ತೆರೆಯೂ ಅಷ್ಟು ಎತ್ತರ ಏಳುತ್ತದೆ, ಮತ್ತು ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಕೂಡುವ ಕಡೆ ಹಿನ್ನೀರು ಸಮುದ್ರದಂತೆ ಹರಡಿಕೊಂಡಿದೆ. ಇನ್ನೊಂದು ಮಾತು, ನಮ್ಮಲ್ಲಿ ಹನಿ ಮಳೆ ಇಲ್ಲದಿದ್ದರೂ ಮಹಾಬಳೇಶ್ವರ, ಕೊಯ್ನಾ ಕಡೆ ಸುರಿದರೆ ಕೃಷ್ಣೆ ಏರುತ್ತಾಳೆ, ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟರೆ ಘಟಪ್ರಭೆ ಏರುತ್ತಾಳೆ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಗೆ ಹೋದ ದಿನಗಳನ್ನು ನಾವಿಬ್ಬರೂ ನೋಡಿದ್ದೇವೆ. ಅಕ್ಟೋಬರಿನಲ್ಲಿ ಈ ಎರಡೂ ಭಯ ತಗ್ಗಿರುತ್ತವೆ, ನೀರು ಮಾತ್ರ ಇನ್ನೂ ದಂಡೆಗೆ ತಾಗಿಕೊಂಡೇ ಇರುತ್ತದೆ. ಉಳಿಯುವುದು ಹಿಂಗಾರಿನ ಗುಡುಗು ಮಳೆ. ಅದು ಹೆಚ್ಚಾಗಿ ಮಧ್ಯಾಹ್ನ ಇಳಿದ ಮೇಲೆಯೇ ಬರುವುದರಿಂದ, ನಸುಕಿನಲ್ಲಿ ಶುರುಮಾಡಿ ಹನ್ನೊಂದು ಗಂಟೆಗೆ ಕೊನೆಯ ಸುತ್ತು ಮುಗಿಸಿಬಿಡಬೇಕು. ಮೋಡ ಕಟ್ಟಿದರೆ ಉಳಿದದ್ದು ನಾಳೆಗೆ ಇರಲಿ.

ಅವ್ವ ಒಂದು ಮಾತು ಹೇಳಿದ್ದಾಳೆ. ಸೀಗಿ ಹುಣ್ಣಿಮೆಗೆ ತನ್ನ ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲದೆ ಹೊರಡುವುದಿಲ್ಲವಂತೆ. ನೀರಿನ ಮೇಲೆ ಉಳಿದಿರುವುದು ಒಂದೂವರೆ ಎಕರೆ ಮಾತ್ರ, ಆದರೂ ಅದು ಅವಳ ಹೊಲ. ವಿಜಯದಶಮಿಯ ಐದನೆಯ ದಿನಕ್ಕೆ ಹುಣ್ಣಿಮೆ ಬರುವುದರಿಂದ ನಮ್ಮ ಲೆಕ್ಕಕ್ಕೂ ಅದು ಸರಿಹೊಂದುತ್ತದೆ. ಬನ್ನಿ ಕೊಡಲು ಬಂದವನು ಹುಣ್ಣಿಮೆಯ ತನಕ ಉಳಿ. ಕಡುಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರೋಣ, ಮರುದಿನ ಸಾಮಾನು ಕಟ್ಟೋಣ, ಮೂರನೆಯ ದಿನ ನಸುಕಿನಲ್ಲಿ ದೋಣಿ ಬಿಡೋಣ. ಪಂಚಾಂಗದಲ್ಲಿ ಬೇರೆ ಮುಹೂರ್ತ ನೋಡಿ ಅವಳನ್ನು ಕಾಯಿಸಬೇಡ.

ಭಾರದ ಲೆಕ್ಕವನ್ನು ಅಂಬಿಗರ ಹಿರಿಯರ ಜೊತೆ ಕುಳಿತು ಹಾಕಿದ್ದೇನೆ. ಕಾಕಾನ ದೋಣಿ ಆರು ಮೀಟರ್ ಉದ್ದ, ನಡುವೆ ಒಂದೂವರೆ ಮೀಟರ್ ಅಗಲ. ಎರಡೂ ತುದಿ ಚೂಪಾಗಿರುವುದರಿಂದ ನೀರಿನ ಮೇಲೆ ಅದು ಹಿಡಿಯುವ ಜಾಗ ಸುಮಾರು ಆರು ಚದರ ಮೀಟರ್. ಅಂದರೆ ಪ್ರತಿ ಅರವತ್ತು ಕಿಲೋ ಭಾರಕ್ಕೆ ದೋಣಿ ಒಂದು ಸೆಂಟಿಮೀಟರ್ ಕೆಳಗೆ ಕೂರುತ್ತದೆ. ನಾಲ್ಕು ಚೀಲ ಜೋಳ ಮತ್ತು ಮೂವರು ಆಳುಗಳೆಂದರೆ ಸುಮಾರು ಆರುನೂರು ಕಿಲೋ, ಹತ್ತು ಸೆಂಟಿಮೀಟರ್ ಆಯಿತು. ಇಷ್ಟೇ ತಾನೆ ಎನಿಸಬಹುದು. ಆದರೆ ಅಂಚು ನೀರಿನ ಮೇಲೆ ಒಂದು ಅಡಿಗಿಂತ ಕಡಿಮೆ ಉಳಿಯಬಾರದು ಎಂದು ಹಿರಿಯರು ಖಂಡಿತವಾಗಿ ಹೇಳಿದರು. ಅವರು ದೋಣಿಯ ಹೊರಗೋಡೆಗೆ ಬೆರಳಿನಿಂದ ಡಾಂಬರಿನ ಗೆರೆ ಎಳೆದು, "ಇದಕ್ಕ ನೀರು ಸಮ ಬಂತು ಅಂದ್ರ ಮುಂದ ಒಂದು ಚರಿಗಿನೂ ಇಡಬ್ಯಾಡ್ರಿ" ಎಂದರು. ಆ ಗೆರೆಯೇ ನಮಗೆ ಕಾನೂನು. ಜೋಳದ ಚೀಲ ತಳದಲ್ಲಿ ನಡುವೆ, ಟ್ರಂಕುಗಳು ಅದರ ಎರಡೂ ಮಗ್ಗುಲಿಗೆ ಸಮತೂಕವಾಗಿ, ಕೌದಿ ಹಾಸಿಗೆ ಮೇಲೆ ಇರಲಿ. ಅಲಮಾರಿಯನ್ನು ನಿಲ್ಲಿಸಿ ತರುವ ಮಾತೇ ಇಲ್ಲ, ಎತ್ತರದ ಭಾರ ಒಂದು ಕಡೆ ವಾಲಿದರೆ ದೋಣಿಯೂ ಅದರ ಜೊತೆ ಮಗುಚುತ್ತದೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರು ಬಿಚ್ಚಿ, ಮುಚ್ಚಳ ಹಾಕಿ, ನೆಟ್ಟಗೆ ಕಟ್ಟಿ ಬೇರೆ ಸುತ್ತಿನಲ್ಲಿ ತರೋಣ. ಆಚೆ ದಂಡೆ ಒಂದು ಕಿಲೋಮೀಟರೂ ಇಲ್ಲ, ಆರು ಸುತ್ತಾದರೂ ನಷ್ಟವಿಲ್ಲ.

ಹೊಲದ ಉತಾರ, ಭೂಸ್ವಾಧೀನದ ನೋಟಿಸು, ರೇಷನ್ ಕಾರ್ಡು, ಅವ್ವನ ಆಸ್ಪತ್ರೆಯ ಚೀಟಿಗಳು ಟ್ರಂಕಿನಲ್ಲಿ ಹೋಗಬಾರದು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸಲ ಸುತ್ತಿ ನಿನ್ನ ಮೈಮೇಲಿನ ಚೀಲದಲ್ಲಿಯೇ ಇರಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಿಮ್ಮ ದಿಬ್ಬ ಇರುವುದು ಈಗಿನ 519.60 ಮೀಟರ್ ಗೆರೆಗೂ, ಜಲಾಶಯದ ಮಟ್ಟ ಏರಿಸಲು 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಾಧೀಕರಣ ಒಪ್ಪಿದ 524.256 ಮೀಟರ್ ಗೆರೆಗೂ ನಡುವೆ. ನಾಲ್ಕೂವರೆ ಮೀಟರಿಗೂ ಹೆಚ್ಚಿನ ಆ ಅಂತರದಲ್ಲಿ ಇರುವವರಿಗೆಲ್ಲ ಕಾಗದವೇ ಆಸ್ತಿ. ಪರಿಹಾರ ಬಂದ ಮೇಲೆ ಮನೆ ಬಿಡೋಣ ಎಂದು ನಿನ್ನ ತಮ್ಮ ಅನ್ನುತ್ತಾನಂತೆ. ಅವನ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಅವ್ವನ ವಯಸ್ಸು ಆ ಫೈಲಿಗಾಗಿ ಕಾಯುವುದಿಲ್ಲ. ಹೊರಡುವ ಮುನ್ನ ಮನೆ, ಬಾವಿ, ಮರಗಳು ಎಲ್ಲದರ ಫೋಟೊ ತೆಗೆದಿಟ್ಟುಕೊ. ವಾಸ ಬದಲಿಸಿದರೂ ಹೊಲದ ಉಳುಮೆ, ತೆರಿಗೆಯ ರಸೀದಿ ಎರಡೂ ನಿಲ್ಲದಂತೆ ನೋಡಿಕೊಳ್ಳಲು ಅವನಿಗೆ ಹೇಳು.

ನೀರಿನ ದಾರಿಯಲ್ಲಿ ಏನಿದೆ ಎಂಬುದನ್ನು ಅಂಬಿಗರು ಬಲ್ಲರು, ನಾವು ಬಲ್ಲೆವೆಂದು ತಿಳಿಯಬಾರದು. ಮುಳುಗಿದ ಬಾವಿಯ ಕಟ್ಟೆ, ಜಾಲಿಯ ಬೊಡ್ಡೆ, ಹಳೆಯ ಗೋಡೆ, ವಿದ್ಯುತ್ ಕಂಬದ ತುಂಡು ಇವೆಲ್ಲ ಅರ್ಧ ಅಡಿ ನೀರಿನ ಕೆಳಗೆ ಕಾಣದೆ ನಿಂತಿರುತ್ತವೆ. ಮೀನುಗಾರರು ರಾತ್ರಿ ಬಿಟ್ಟ ಬಲೆಗಳ ತೇಲುಗಳು, ಹೆಚ್ಚಾಗಿ ಖಾಲಿ ಬಾಟಲಿಗಳು, ನಸುಕಿನ ಮಬ್ಬಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮುಂದೆ ಒಬ್ಬರು ಬಿದಿರಿನ ಗಳ ಹಿಡಿದು ಆಳ ನೋಡುತ್ತಲೇ ಇರಬೇಕು. ಮೊಸಳೆಗಳೂ ಇವೆ, ಮಕ್ಕಳು ಬಂದರೆ ಕೈ ನೀರಿಗೆ ಇಳಿಬಿಡದಂತೆ ನೋಡಿಕೊ. ಆರು ಲೈಫ್ ಜಾಕೆಟ್‌ಗಳನ್ನು ನಾನೇ ಎರವಲು ತರುತ್ತೇನೆ. ಅವ್ವ ಬೇಡವೆಂದರೂ ಅವಳಿಗೆ ಮೊದಲು ತೊಡಿಸುವುದು.

ಇನ್ನು ದೋಣಿ. ಇದರ ಬಗ್ಗೆ ನೀನು ಎರಡೇ ಸಾಲು ಬರೆದಿದ್ದೀಯ, ಆದರೆ ಆ ಎರಡು ಸಾಲಿನಲ್ಲಿ ಕಾಕಾ ಕಂಡರು. ಪ್ರತಿ ಬೇಸಿಗೆಯಲ್ಲೂ ಅವರು ಅದನ್ನು ಮಗುಚಿ ಹಾಕಿ, ಹಲಗೆಯ ಸಂದುಗಳಲ್ಲಿ ಹತ್ತಿ ತುರುಕಿ, ಬಿಸಿ ಡಾಂಬರು ಬಳಿಯುತ್ತಿದ್ದುದನ್ನು ನಾವಿಬ್ಬರೂ ಬೇವಿನ ನೆರಳಲ್ಲಿ ಕುಳಿತು ನೋಡುತ್ತಿದ್ದೆವು. ಮರದ ದೋಣಿಯನ್ನು ನೀರಿನಿಂದ ದೂರ ಒಣಗಲು ಬಿಟ್ಟರೆ ಹಲಗೆ ಕುಗ್ಗಿ ಸಂದು ಬಾಯಿ ಬಿಡುತ್ತದೆ. ಮೇ ತಿಂಗಳಿಗೆ ನೀರು ಅದರಿಂದ ಎಷ್ಟೋ ದೂರ ಇಳಿದಿರುತ್ತದೆ, ಆಗ ಅದನ್ನು ಟ್ರೇಲರಿನಲ್ಲಿ ಕುಲುಕಾಡಿಸಿ ತಂದರೆ ಅರ್ಧದಷ್ಟು ಮೊಳೆ ಸಡಿಲವಾಗಿ ಬರುತ್ತವೆ. ಸಾಮಾನೆಲ್ಲ ದಾಟಿದ ಮರುದಿನ ಖಾಲಿ ದೋಣಿಯನ್ನು ಘಟಪ್ರಭೆಯ ತೋಳಿನಲ್ಲಿ ಮೇಲ್ಮುಖವಾಗಿ ಹುಟ್ಟು ಹಾಕುತ್ತ ಹಳೆಯ ಬಾಗಲಕೋಟೆಯ ದಂಡೆಗೆ ತರೋಣ. ಹಿರಿಯರು ಜೊತೆಗೆ ಬರಲು ಒಪ್ಪಿದ್ದಾರೆ. ಅಲ್ಲಿ ಮೀನು ಹಿಡಿಯುವ ಕುಟುಂಬವೊಂದು ಅದನ್ನು ಬಳಸುತ್ತ ನೋಡಿಕೊಳ್ಳಲು ಸಿದ್ಧವಿದೆ, ಬಾಡಿಗೆ ಕೇಳಬೇಡ, ಬೇಸಿಗೆಗೊಮ್ಮೆ ಡಾಂಬರು ಬಳಿಯಲಿ ಎಂದಷ್ಟೇ ಕೇಳು. ದಿನವೂ ನೀರಿಗೆ ಇಳಿಯುವ ದೋಣಿಯ ಹಲಗೆ ಉಬ್ಬಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ನೆನಪಿಗೆಂದು ಅಂಗಳದಲ್ಲಿ ಇಟ್ಟುಕೊಂಡರೆ ಎರಡು ವರ್ಷಕ್ಕೆ ಅದು ಒಲೆಯ ಕಟ್ಟಿಗೆ.

ಆಚೆ ದಂಡೆಯಲ್ಲಿ ಡಾಂಬರು ರಸ್ತೆ ನೀರಿಗೆ ಇಳಿಯುವಲ್ಲಿಯೇ ಟೆಂಪೊ ನಿಲ್ಲಲಿದೆ. ಅನಗವಾಡಿ ಸೇತುವೆ ದಾಟಿ, ಗದ್ದನಕೇರಿ ಕ್ರಾಸಿನ ಮೇಲೆ ನವನಗರಕ್ಕೆ ಬರುವ ದಾರಿ ಚೆನ್ನಾಗಿದೆ. ಇಲ್ಲಿಯ ಬಾಡಿಗೆ ಮನೆ ನೆಲಮಹಡಿಯದು, ನಮ್ಮ ಮನೆಯಿಂದ ಮೂರನೆಯ ಓಣಿ. ನಲ್ಲಿಯ ನೀರು ಬರುವ ದಿನ, ಹೊತ್ತು ಎಲ್ಲ ಕೇಳಿಟ್ಟಿದ್ದೇನೆ. ಹಿತ್ತಲಿನಲ್ಲಿ ಒಂದು ತುಳಸಿಕಟ್ಟೆಗೆ ಆಗುವಷ್ಟು ಜಾಗ ಇದೆ.

ಕಳೆದ ಭಾನುವಾರ ನಿಮ್ಮ ದಂಡೆಯಲ್ಲಿ ನೀರಿನ ಅಂಚಿಗೆ ಸರಿಯಾಗಿ ಒಂದು ಗೂಟ ಹೊಡೆದು ಬಂದಿದ್ದೇನೆ, ಅದಕ್ಕೆ ಗೇಣಿಗೊಂದು ಗೆರೆ ಕೊರೆದಿದ್ದೇನೆ. ಬರುವ ಭಾನುವಾರ ಹೋಗಿ ನೀರು ಎಷ್ಟು ಗೆರೆ ಇಳಿದಿದೆ ಎಂದು ನೋಡಿ ಫೋನ್ ಮಾಡುತ್ತೇನೆ. ನೀನು ಅಷ್ಟರೊಳಗೆ ರಜೆ ಕೇಳಿ, ಬಸ್ಸಿನ ಟಿಕೆಟ್ ತೆಗೆಸು. ಅಂಬಿಗರ ಹಿರಿಯರಿಗೆ ದಿನ ಹೇಳಬೇಕಾಗಿದೆ.

ವೈನಿಯವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ಗೆಳೆಯ